ಪುಟ್ಟ ಮೂಗ

ನಮ್ಮ ಟಾಂಗಾ ಊರಲ್ಲಿ ಅದಕ್ಕೆ ಕಿಬುಬು ಅಂತಾರೆ,
ಅಂದರೆ ಪುಟ್ಟ ಮೂಗ.
ಮುಚ್ಚಳವಿಲ್ಲ, ಬೀಗವಿಲ್ಲ,
ನೆತ್ತಿಯ ಮೇಲೊಂದು ಸೀಳು ಬಾಯಿ.
ನುಂಗುತ್ತದೆ, ಉಗುಳುವುದಿಲ್ಲ.
ದುಡ್ಡು ಬೇಕೆಂದರೆ ಒಡೆಯಬೇಕು.

ಇಪ್ಪತ್ತೆರಡು ವರ್ಷದಿಂದ ಮಾಡುತ್ತಿದ್ದೇನೆ:
ಮಾವಿನ ಹಲಗೆ, ಹನ್ನೆರಡು ಮೊಳೆ.
ಮೀನು ಕರಿಯುವ ಮ್ವನಹಾವಾ ವರ್ಷಕ್ಕೊಂದು ಒಯ್ಯುತ್ತಾಳೆ.
ಒಡೆದೂ ಒಡೆದೂ ಅವಳ ಮನೆಗೆ ತಗಡು ಬಂತು,
ಮಗಳಿಗೆ ಹೊಲಿಗೆ ಯಂತ್ರ ಬಂತು.
ನನಗೆ ಬಂದದ್ದು ಪೆಟ್ಟಿಗೆಯ ಬೆಲೆ, ಮೂರು ಸಾವಿರ ಶಿಲ್ಲಿಂಗ್;
ಅದೂ ಸಂಜೆ ನಮಾಜಿನ ಹೊತ್ತಿಗೆ ಖಾಲಿ.

ಎಲ್ಲಿ ಹೋಯಿತು ಅಂದರೆ ಏನು ಹೇಳಲಿ?
ಕಾಫಿಯವ ಪಿಂಗಾಣಿ ಬಟ್ಟಲು ಟಿಣಿಟಿಣಿ ಬಡಿಯುತ್ತ ಬರುತ್ತಾನೆ,
ಬೆಂಚಿನ ಮೇಲಿದ್ದ ಐದು ಮಂದಿಗೂ ನಾನೇ ಕುಡಿಸುತ್ತೇನೆ.
ಯಾರದೋ ಭಾವಮೈದುನನ ಮದುವೆಗೆ ಚಂದಾ,
ಯಾವುದೋ ದೇಶದ ಪಂದ್ಯದ ಮೇಲೆ ಬಾಜಿ.
ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದರು ಹಿರಿಯರು.
ಮಂಚ ಮಾಡುವವನು ನಾನು;
ಕಾಲು ಚಾಚಿದಷ್ಟೂ ಮಂಚ ಉದ್ದ ಮಾಡಿದೆ.

ಹೋದ ವರ್ಷ ನನಗೂ ಒಂದು ಮಾಡಿಕೊಂಡೆ,
ಒಳ್ಳೆಯ ಮ್ನಿಂಗಾ ಮರ, ಉಜ್ಜಿ ಉಜ್ಜಿ ಕನ್ನಡಿ.
ರಂದ ಹೊಡೆಯುವ ಯಂತ್ರ ಕೊಳ್ಳಬೇಕು, ಬೆನ್ನು ಸೋತಿದೆ.
ಮೂರು ದಿನ ಹಾಕಿದೆ.
ನಾಲ್ಕನೆಯ ರಾತ್ರಿ ಕೈಗೆ ನೆನಪಾಯಿತು
ಯಾವ ಮೊಳೆ ಸಡಿಲ ಅಂತ.
ಕೈಗೆ ಗೊತ್ತಿದ್ದನ್ನು ತಲೆ ಎಷ್ಟು ದಿನ ಬಚ್ಚಿಟ್ಟೀತು?
ಕಿತ್ತೆ, ಐನೂರು ತೆಗೆದೆ, ಮೊಳೆ ತಿರುಗಿ ಹೊಡೆದೆ.
ನಾಳೆ ಸಾವಿರ ಹಾಕುವ ಮಾತಾಯಿತು,
ನನಗೂ ನನಗೂ.

ತಿಂಗಳು ಕಳೆಯುವಷ್ಟರಲ್ಲಿ
ಸುತ್ತಿಗೆಯೂ ಬೇಕಿರಲಿಲ್ಲ.
ಮೊಳೆ ಬೆರಳಿಗೇ ಬರುತ್ತಿತ್ತು,
ಕರೆದ ನಾಯಿಯ ಹಾಗೆ.

ಕಡೆಗೆ ಹದಿಮೂರನೆಯ ಬೀದಿಗೆ ಹೋದೆ,
ಶೆಮ್ದೋಯೆಯ ಅಂಗಡಿಗೆ.
ಶಾಲೆಯ ಬೆಂಚುಗಳ ಗುತ್ತಿಗೆ ಅವನಿಗೆ ಸಿಕ್ಕಿದ ಮೇಲೆ
ಆರು ವರ್ಷ ನಮಗೆ ಮಾತಿಲ್ಲ.
ಅವನ ಬೆಸುಗೆ ಮೊದಲ ಮಳೆಗೇ ಬಾಯಿ ಬಿಡುತ್ತದೆ
ಎಂದು ಊರಿಗೆಲ್ಲ ಸಾರಿದವನು ನಾನು.

"ಒಂದು ಕಿಬುಬು."
"ಯಾರಿಗೆ?"
"ನನಗೆ."
ಅವನು ನಗಲಿಲ್ಲ. ನಕ್ಕಿದ್ದರೆ ಹಗುರಾಗುತ್ತಿತ್ತು.
ಸೀಸದಕಡ್ಡಿ ಕಿವಿಯಿಂದ ತೆಗೆದ, ಮತ್ತೆ ಸಿಕ್ಕಿಸಿಕೊಂಡ.
"ಶುಕ್ರವಾರ ಬಾ. ನಾಲ್ಕು ಸಾವಿರ."
ಚೌಕಾಸಿ ಮಾಡಲಿಲ್ಲ, ಜೀವನದಲ್ಲಿ ಮೊದಲ ಸಲ.

ಮನೆಗೆ ತಂದು ದೀಪದಡಿ ತಿರುಗಿಸಿ ನೋಡಿದೆ.
ಒಂದೂ ಮೊಳೆಯಿಲ್ಲ.
ಹಲ್ಲಿಗೆ ಹಲ್ಲು ಕಚ್ಚಿಸಿ ಕೂರಿಸಿದ್ದಾನೆ.
ಉಗುರು ಎಳೆದರೆ ಗೆರೆಯೂ ಸಿಗುವುದಿಲ್ಲ.
ನಾಳೆ ಒಡೆದು ಹೋಗುವ ಪೆಟ್ಟಿಗೆಗೆ
ಇಷ್ಟು ಕೆಲಸವೇ, ಮಾರಾಯ?

ಅಲ್ಲಿಂದ ದಿನಕ್ಕೊಂದು ಸಾವಿರ,
ಮೊದಲು ಮೂಗನಿಗೆ, ಆಮೇಲೆ ಹೊಟ್ಟೆಗೆ.
ಕಾಫಿಯವ ಬಟ್ಟಲು ಬಡಿದಾಗ ಉಳಿ ಮಸೆಯುತ್ತೇನೆ,
ಉಳಿಗಳು ಈಗ ಕೂದಲು ಸೀಳುತ್ತವೆ.
ಎರಡು ರಾತ್ರಿ ಚೂರಿ ಹಿಡಿದು ಕೂತದ್ದುಂಟು,
ಸುಳ್ಳು ಹೇಳಲಾರೆ.
ಸಂದು ಹುಡುಕುತ್ತ ಹುಡುಕುತ್ತ
ಅವನ ಕೈಚಳಕ ನೋಡುತ್ತಲೇ ನಿದ್ದೆ ಹತ್ತಿತು.

ದೊಡ್ಡ ಮಳೆ ಬಂತು, ಹೋಯಿತು.
ಬೆಸುಗೆ ಬಾಯಿ ಬಿಡಲಿಲ್ಲ.
ಪೆಟ್ಟಿಗೆ ಈಗ ಅಲ್ಲಾಡಿಸಿದರೆ ಸದ್ದಿಲ್ಲ,
ನಿಜಕ್ಕೂ ಮೂಗ.
"ಒಡಿ" ಎನ್ನುತ್ತಾಳೆ ಮ್ವನಹಾವಾ.
ಸುತ್ತಿಗೆ ಎತ್ತಿದೆ, ಇಳಿಸಿದೆ.
ಇಂಥದ್ದನ್ನು ಒಡೆಯಲು ಕೈ ಬರುವುದಿಲ್ಲ ಬಡಗಿಗೆ.

ನಿನ್ನೆ ಬಗಲಲ್ಲಿಟ್ಟುಕೊಂಡು ಹೋದೆ,
ಹೇಗೆ ಬಿಚ್ಚುವುದೆಂದು ಕೇಳಲು.
ಶೆಮ್ದೋಯೆ ಕೈಯಲ್ಲಿ ತೂಗಿ ನೋಡಿದ,
ಬಾಗಿಲ ಕಡೆ ನೋಡಿದ,
ದನಿ ತಗ್ಗಿಸಿದ:
"ಬಿಚ್ಚಿಕೊಡುತ್ತೇನೆ. ಅದಕ್ಕೆ ಮುಂಚೆ
ನನಗೂ ಒಂದು ಮಾಡಿಕೊಡು, ಕಿಬ್ವಾನಾ.
ನಾನು ಮಾಡಿದ್ದು ನನ್ನ ಹತ್ತಿರ ನಿಲ್ಲುವುದಿಲ್ಲ."

ಬೆಳಗಿನಿಂದ ಅದೇ ಕೆಲಸ.
ಹದಿನೆಂಟನೆಯ ಮೊಳೆ ಇದು.